ಓಗ್ಬುಡು

ಪಾಂಡವಪುರ, ೧೯೯೬

ಲೇ ರಘು,

ಇದನ್ನು ಕಳಿಸುವುದಿಲ್ಲ. ನಿನಗಾಗಿ ಸ್ಟಾಂಪು ಬೇರೆ ದಂಡ ಮಾಡಲೇ?

ನಮ್ಮ ರಾಕ್ ಬ್ಯಾಂಡಿನ ಆಲ್ಬಮ್ಮನ್ನು ಬೆಂಗಳೂರಿನ ಪೇಪರಿನವರು ಹೊಗಳಿದ್ದಾರಂತೆ. ಇಲ್ಲಿ ಏನಾಯಿತು ಕೇಳು. ಇವತ್ತು ಬಸ್‌ಸ್ಟಾಂಡಿನ ಕ್ಯಾಸೆಟ್ ಅಂಗಡಿಯ ಹೊನ್ನಪ್ಪಣ್ಣ ಅದನ್ನು ಹಾಕಿದರು. ನಿನ್ನ ಗಿಟಾರು ಗೊರಗೊರ ಎಂದದ್ದೇ ತಡ, "ಟೇಪಿಗೆ ಧೂಳು ಕೂತದೆ ಕಣ್ಲಾ" ಎಂದು ನಿಲ್ಲಿಸಿ, ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಟೇಪ್‌ರೆಕಾರ್ಡರಿನ ಹೆಡ್ಡು ಒರೆಸಿದರು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಿನಗೆ ಹಾಗೇ ಆಗಬೇಕು.

ಆಮೇಲೆ ನನ್ನ ಹಾಡು ಬಂತು. ನಾನೇ ಬರೆದು, ನಾಲೆ ಏರಿಯ ಮೇಲೆ ನಿನ್ನ ಪಕ್ಕ ನಿಂತು, ಹೊನ್ನಪ್ಪಣ್ಣನ ಅಂಗಡಿಗೂ ಕೇಳುವ ಹಾಗೆ ಗಂಟಲು ಹರಿದು ಕಿರುಚುತ್ತಿದ್ದ 'ಓಗ್ಬುಡು'. "ಹಕಾರ ಬರದ ಬಾಯಿ ಆಲ್ಬಮ್ಮಿಗೆ ಆಗಲ್ಲ" ಎಂದು ನನ್ನನ್ನು ಸ್ಟುಡಿಯೋದ ಹೊರಗೆ ಕೂರಿಸಿ, ಯಾರಿಂದಲೋ 'ಹೋಗಿಬಿಡು' ಎಂದು ಶುದ್ಧವಾಗಿ ಹಾಡಿಸಿದೆಯಲ್ಲ, ಅದೇ. ನಿಮ್ಮಪ್ಪನ ಬಾಯಲ್ಲೂ ಇವತ್ತಿಗೂ 'ಓಗು' ಅಂತಲೇ ಬರುವುದಲ್ಲವೇನೋ?

ಹೊನ್ನಪ್ಪಣ್ಣ ಕಿವಿಗೊಟ್ಟು ಕೇಳಿದರು. ನನ್ನ ಮುಖ ನೋಡಿದರು. ಮತ್ತೆ ಟೇಪು ನಿಲ್ಲಿಸಿ ಹತ್ತಿ ಕೈಗೆತ್ತಿಕೊಂಡರು.

"ತಡಿ ಕಣ್ಲಾ, ಇನ್ನೊಂದ್ಸಲ ಒರುಸ್ತೀನಿ. ನಿನ್ ದನಿ ಬರ್ದೆ ಎಲ್ಲೋಯ್ತದೆ?"