ಕೆಳಸಾಲಿನ ನಡುವಿನವಳು

ಅಂಬತ್ತೂರು, ಚೆನ್ನೈ
17 ಜುಲೈ 2025

ಪ್ರೀತಿಯ ಮಗ ರೂಪೇಶನಿಗೆ ಅಮ್ಮನ ಆಶೀರ್ವಾದಗಳು.

ಹೇಗಿದ್ದೀ ಮಗಾ? ಮಸ್ಕತ್ತಿನಲ್ಲಿ ಈ ಸಲ ಬಿಸಿಲು ಜೋರಂತೆ. ಒಲೆಯ ಮುಂದೆ ನಿಂತು ನಿಂತು ನೀರು ಕುಡಿಯುವುದನ್ನು ಮರೆಯಬೇಡ. ಸೊಂಟ ನೋವು ಕಡಿಮೆಯಾಯಿತೇ? ನನ್ನ ಮಂಡಿ ನನ್ನ ಮಾತು ಕೇಳುವುದಿಲ್ಲ, ಅದೊಂದು ಬಿಟ್ಟರೆ ನಾನು ಗಟ್ಟಿ. ವೀಕ್ಷಾ ಮನೆಯನ್ನೂ ನೋಡಿಕೊಂಡು ನಮ್ಮ ಹೋಟೆಲಿನ ಗಲ್ಲಾದಲ್ಲೂ ಕೂರುತ್ತಾಳೆ, ಒಂದು ದಿನವೂ ಮುಖ ಸಿಂಡರಿಸಿದವಳಲ್ಲ. ಅಂಥ ಹೆಂಡತಿ ಸಿಕ್ಕಿದ್ದು ನಿನ್ನ ಪುಣ್ಯ, ಗೊತ್ತಿರಲಿ. ಫೋನಿರುವಾಗ ಅಮ್ಮನಿಗೆ ಕಾಗದದ ಹುಚ್ಚು ಯಾಕೆ ಎಂದು ನಗಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ಕೊನೆಗೆ "ಆಯ್ತಮ್ಮ, ಇಡ್ತೇನೆ" ಅಂತ ಇಟ್ಟೇಬಿಡುತ್ತೀ. ಕಾಗದಕ್ಕೆ ಎದುರು ಮಾತಾಡಲು ಆಗುವುದಿಲ್ಲವಲ್ಲ! ರಜೆ ಮುಗಿಸಿ ನೀನು ಕೆಲಸ ಮಾಡುವ ಹೋಟೆಲಿಗೇ ಹಿಂದಿರುಗುತ್ತಿರುವ ಸಂದೇಶನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ.

ಈಗ ನಿನ್ನ ಮಗಳ ವಿಷಯ. ಸಮೀಕ್ಷಾ ಜಿಮ್ನಾಸ್ಟಿಕ್ಸ್ ಕ್ಲಬ್ಬಿನವರೊಂದಿಗೆ ಪೋರ್ಚುಗಲ್ಲಿನ ಉತ್ಸವಕ್ಕೆ ಹೊರಟಾಗ ನೀನು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ಎಲ್ಲರ ಕೆಳಗೆ ನಿಂತು ಹೊರೆ ಹೊರ್ಲಿಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಇದೊಂದು ಉತ್ಸವ ಮುಗೀಲಿ, ಆಮೇಲೆ ಕ್ಲಬ್ಬು ಸಾಕು" ಎಂದೆ. ಮೂರು ವರ್ಷ ಪಿರಮಿಡ್ಡಿನ ತುದಿಯಲ್ಲಿ ನಿಂತವಳನ್ನು ಕೆಳಸಾಲಿಗೆ ಹಾಕಿದ್ದು ಪ್ರಮೋದ್ ಮೇಷ್ಟ್ರ ಪಕ್ಷಪಾತ ಎಂದು ನೀನು ತಿಳಿದಿದ್ದೀ. ಅಲ್ಲ ಮಾರಾಯ. ಅವಳನ್ನು ಇಳಿಸಿದವಳು ನಾನು. ಜನವರಿಯಲ್ಲಿ ಮೇಷ್ಟ್ರು ಊಟದ ಪಟ್ಟಿ ಬರೆದು ಕಳಿಸಿದ್ದರು. ಹೋಟೆಲಿನವರ ಮನೆಯ ಮಗು ಅಳೆದು ಉಣ್ಣುವುದೇ ಎಂದು ನಾನು ಅದನ್ನು ಹಿಟ್ಟಿನ ಡಬ್ಬದ ಕೆಳಗೆ ತುರುಕಿದೆ. ನಮ್ಮಲ್ಲಿ ಉಣ್ಣುವವರು ಸಾಕು ಎಂದ ಮೇಲೆಯೂ ಎಲೆಗೆ ಇನ್ನೊಂದು ಬೀಳಲೇಬೇಕಲ್ಲ. ದಿನಾ ಸಂಜೆ ತುಪ್ಪ ಸುರಿದ ನೀರುದೋಸೆ, ಕಾಯಿಬೆಲ್ಲ, ಭಾನುವಾರ ಕೊಟ್ಟೆ ಕಡುಬು. ಏಪ್ರಿಲ್ ಹೊತ್ತಿಗೆ ಹುಡುಗಿ ಎರಡಿಂಚು ಬೆಳೆದು, ಭುಜ ಅಗಲವಾಗಿ, ಬೇರೆಯವರಿಗೆ ಎತ್ತಲು ಆಗದ ಹಾಗಾದಳು. ಅವಳ ಜಾಗಕ್ಕೆ ಮೌನ ಎಂಬ ಸಣ್ಣ ಹುಡುಗಿ ಬಂದಳು. ಸಮೀಕ್ಷಾ ಎರಡು ದಿನ ಅತ್ತಳು. ಆದರೆ ನನ್ನನ್ನು ಒಂದು ಮಾತು ಅನ್ನಲಿಲ್ಲ, ನಾನು ಬಡಿಸಿದ್ದನ್ನು ಬಿಟ್ಟು ಏಳಲೂ ಇಲ್ಲ. ನಿನಗೆ ಹೇಳಬೇಡ ಎಂದು ವೀಕ್ಷಾಳ ಬಾಯಿ ಮುಚ್ಚಿಸಿದ್ದೂ ನಾನೇ.

ತಪ್ಪು ಮಾಡಿದ ಮನಸ್ಸು ಸುಮ್ಮನಿರುತ್ತದೆಯೇ? ಒಂದು ಸಂಜೆ ಅವರು ಅಭ್ಯಾಸ ಮಾಡುವ ಶೆಡ್ಡಿಗೆ ಹೋಗಿ ಕೂತೆ. ಕೈಗಾರಿಕಾ ಎಸ್ಟೇಟಿನ ಒಳಗಿನ ಒಂದು ಮುಚ್ಚಿದ ಕಾರ್ಖಾನೆಯ ಶೆಡ್ಡು ಅದು. ಕೆಳಸಾಲಿನಲ್ಲಿ ಐವರು, ನಡುವೆ ನಮ್ಮವಳು. ಮೇಲೆ ಒಬ್ಬೊಬ್ಬರೇ ಹತ್ತಿದ ಹಾಗೆ ಇವಳು ತಲೆಯೆತ್ತಿ ತನ್ನ ಹಳೆಯ ಜಾಗವನ್ನೇ ನೋಡುತ್ತಾಳೆ. ನೋಡಿದಳೋ, ಭುಜ ಅಲುಗುತ್ತದೆ, ಎಲ್ಲರೂ ಧೊಪ್ಪನೆ ಕೆಳಗೆ. ನನಗೆ ನಿನ್ನಪ್ಪ ನೆನಪಾದರು. ಸಪ್ಲಾಯರ್ ಆಗಿದ್ದ ಕಾಲದಲ್ಲಿ ಎಡಗೈಯ ಉದ್ದಕ್ಕೂ ಒಂಬತ್ತು ದೋಸೆ ತಟ್ಟೆ ಜೋಡಿಸಿಕೊಂಡು ನಡೆಯುತ್ತಿದ್ದರು. ನಿನಗೂ ಅದನ್ನು ಕಲಿಸುವಾಗ ಹೇಳಿದ್ದು ನೆನಪಿದೆಯೇ? "ತಟ್ಟೆ ನೋಡ್ಬೇಡ ಮಗಾ, ಕೊನೇ ಟೇಬಲಿನ ಗಿರಾಕಿಯ ಮುಖ ನೋಡು." ಅವಳಿಗೂ ಅದನ್ನೇ ಹೇಳಿ ಬಾಗಿಲ ಬಳಿ ಹೋಗಿ ಕೂತೆ. ಅವಳು ನನ್ನ ಮುಖ ನೋಡಿದಳು. ಮೂರನೆಯ ಸಲಕ್ಕೆ ಪಿರಮಿಡ್ಡು ನಿಂತಿತು.

ಮೊನ್ನೆ ಮಂಗಳವಾರ ಅವರ ಪ್ರದರ್ಶನ. ಅಲ್ಲಿ ಮಧ್ಯಾಹ್ನ ಹನ್ನೆರಡು, ಇಲ್ಲಿ ನಾಲ್ಕೂವರೆ, ಸರಿಯಾಗಿ ತಿಂಡಿಯ ಗದ್ದಲದ ಹೊತ್ತು. ವೀಕ್ಷಾ ಹೋಟೆಲಿನ ಟಿವಿಗೆ ಹಾಕಿಸಿದಳು. ಹದಿನೆಂಟು ದೇಶದ ತಂಡಗಳ ನಡುವೆ ಮೈಕಿನಲ್ಲಿ "ಅಂಬತ್ತೂರು" ಎಂದು ಕೂಗಿದಾಗ ಕಾರ್ಖಾನೆಯ ಹುಡುಗರು ಕಾಫಿ ಲೋಟ ಹಿಡಿದೇ ಎದ್ದು ನಿಂತರು. ಕೊನೆಯವಳಾಗಿ ಮೌನ ಹತ್ತುವಾಗ ಮೂರನೆಯ ಸಾಲಿನವಳ ಕಾಲು ಜಾರಿತು. ಇಡೀ ಪಿರಮಿಡ್ಡು ಒಂದು ಸಲ ತೂಗಿತು ರೂಪೇಶಾ! ನನ್ನ ಜೀವ ಬಾಯಿಗೆ ಬಂತು. ನಮ್ಮವಳು ರೆಪ್ಪೆ ಕೂಡ ಬಡಿಯಲಿಲ್ಲ. ತೂಗಿದ್ದು ಅವಳ ಭುಜಕ್ಕೆ ಬಂದು ಅಲ್ಲೇ ನಿಂತಿತು, ಮೌನ ಮೇಲೆ ಎರಡೂ ಕೈ ಚಾಚಿದಳು. ಆ ದೇಶದವರೆಲ್ಲ ಎದ್ದು ಚಪ್ಪಾಳೆ ಹೊಡೆದರು. ಇಲ್ಲಿ "ನಮ್ಮ ಪೊಣ್ಣುಡಾ, ನಮ್ಮ ಹುಡುಗಿ!" ಎಂದು ಒಂದೇ ಕೂಗು. ದೋಸೆ ಹಾಕುವ ಗುರುಚರಣ ಕಾವಲಿ ಬಿಟ್ಟು ಓಡಿ ಬಂದು ಆರು ದೋಸೆ ಕರಕಲಾಯಿತು, ಗಿರಾಕಿಗಳು ಒಬ್ಬರೂ ಬೈಯಲಿಲ್ಲ. ನಾನು ಅಷ್ಟು ಜನರೆದುರು ಅತ್ತುಬಿಟ್ಟೆ. ಆಮೇಲೆ ಸಮೀಕ್ಷಾ ಫೋನು ಮಾಡಿ, ತನ್ನ ಅರ್ಧ ತಮಿಳಿನಲ್ಲಿ, "ಅಜ್ಜೀ, ಲಾಸ್ಟ್ ರೋದಲ್ಲಿ ಕೆಂಪು ಟೊಪ್ಪಿ ಹಾಕ್ಕೊಂಡು ಒಬ್ರು ತಾತಾ ಇದ್ರು, ಅವರನ್ನೇ ಪಾತ್ತುಟ್ಟು ನಿಂತೆ" ಎಂದಳು. ಎಲ್ಲರೂ ಇಳಿಯುವವರೆಗೆ ಅವರ ಮುಖದಿಂದ ಕಣ್ಣು ತೆಗೆಯಲಿಲ್ಲವಂತೆ.

ಹೊರೆ ಎಂದೆಯಲ್ಲ, ನಿನ್ನಪ್ಪ ಆ ಒಂಬತ್ತು ತಟ್ಟೆಯ ಹೊರೆ ಹೊತ್ತೇ ಈ ಹೋಟೆಲು ಹಾಕಿದ್ದು. ನನಗೆ ಈ ವಯಸ್ಸಿನಲ್ಲಿ ಇಷ್ಟು ಹೆಮ್ಮೆ ಆದದ್ದು ಇದೇ ಮೊದಲು. ಅವಳನ್ನು ಕ್ಲಬ್ಬು ಬಿಡಿಸಬೇಡ ಮಗಾ.

ಹೊತ್ತಿಗೆ ಸರಿಯಾಗಿ ಉಣ್ಣು, ಸೊಂಟಕ್ಕೆ ಎಣ್ಣೆ ಹಚ್ಚು. ಕೃಷ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ. ವೀಕ್ಷಾ ನಿನ್ನನ್ನು ಕೇಳಿದೆನೆಂದು ತಿಳಿಸಲು ಹೇಳಿದ್ದಾಳೆ.

ಇಂತಿ ನಿನ್ನ ಅಮ್ಮ,
ಅಮ್ಮಣ್ಣಿ

ತಾ.ಕ.: ಸಂದೇಶ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮುಂದಿನ ವರ್ಷದ ಉತ್ಸವಕ್ಕೆ ಡೆನ್ಮಾರ್ಕಿನಿಂದ ಕರೆ ಬಂದಿದೆ. ಕೆಳಸಾಲಿಗೆ ಮೇಷ್ಟ್ರು ಬರೆದ ಮೊದಲ ಹೆಸರೇ ಸಮೀಕ್ಷಾ. ಒಪ್ಪಿಗೆಯ ಫಾರಮ್ಮನ್ನು ಇವತ್ತೇ ಕೊಡಬೇಕಿತ್ತು. "ಅವರನ್ನು ಕೇಳದೆ ಹೇಗೆ ಅತ್ತೆ?" ಎಂದು ವೀಕ್ಷಾ ಪೆನ್ನು ಹಿಡಿದು ಕೂತೇ ಇದ್ದಳು. ನಾನು ಪೆನ್ನು ಕಿತ್ತುಕೊಂಡು ಪೋಷಕರು ಎಂಬಲ್ಲಿ ನನ್ನ ಸಹಿ ಹಾಕಿ ಕಳಿಸಿಬಿಟ್ಟೆ. ಸಂದೇಶನ ಫೋನಿನಲ್ಲಿ ವಿಡಿಯೊ ಇದೆ. ತುದಿಯನ್ನು ನೋಡಬೇಡ, ಕೆಳಸಾಲಿನ ನಡುವಿನವಳ ಕಣ್ಣು ನೋಡು, ನಿನ್ನಪ್ಪನದೇ. ನೋಡಿ ಆದ ಮೇಲೂ ಬೈಯಬೇಕು ಅನಿಸಿದರೆ ನನಗೇ ಬೈ.