ಮೇಧಿನಿಯ ಕುಂಬಳಕಾಯಿ

ರೀ,

ಮಗಳನ್ನು ಕರೆತರಲು ಅರಸೀಕೆರೆ ಸ್ಟೇಷನ್ನಿಗೆ ಹೊರಟಿದ್ದೇನೆ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ. ಪಾಯಸ ಸಂಜೆಗೆ, ಈಗಲೇ ರುಚಿ ನೋಡಬೇಡಿ.

ನಿನ್ನೆ ನೀವು "ನನಗೆ ಎಪ್ಪತ್ತು ತುಂಬೋ ದಿನ ಮನೇಲಿ ದೆವ್ವದ ಮುಖ ಯಾಕೆ?" ಎಂದು ಗದರಿದ ಮೇಲೆ ಮೊಮ್ಮಗಳು ಮೇಧಿನಿ, ಹ್ಯಾಲೋವೀನ್ ಹಬ್ಬಕ್ಕೆಂದು ಮುಖ ಕೊರೆದು ಒಳಗೆ ದೀಪವಿಡಲು ತಂದಿದ್ದ ಕುಂಬಳಕಾಯಿಯನ್ನು ಮೂಲೆಗಿಟ್ಟಳು. ಅಳಲಿಲ್ಲ. "ಹೋಗ್ಲಿ ಬಿಡಜ್ಜಿ, ತಾತನ ಬರ್ತ್‌ಡೇ ಅಲ್ವಾ" ಎಂದು ನನಗೇ ಸಮಾಧಾನ ಹೇಳಿದಳು.

ಇಡೀ ಕುಂಬಳಕಾಯಿಗೆ ನಮ್ಮಲ್ಲಿ ಹೆಂಗಸರು ಮೊದಲು ಚಾಕು ಹಾಕುವುದಿಲ್ಲ. ಮನೆಯಲ್ಲಿರುವ ಗಂಡಸು ನೀವೊಬ್ಬರೇ. ಮೇಧಿನಿ ತಾನಾಗಿ ಕೇಳುವುದಿಲ್ಲ, ನೀವೇ ಕರೆಯಿರಿ. ಕಣ್ಣು, ಬಾಯಿ ಅವಳೇ ಕೊರೆಯಲಿ, ನೀವು ಪಕ್ಕದಲ್ಲೇ ಕೂತಿರಿ. ನಿಮ್ಮಂಥ ಮೀಸೆ ಬಿಡಿಸಿದರೆ ಬೈಯಬೇಡಿ.

ದೀಪ ಮಾತ್ರ ನಾವು ಬಂದ ಮೇಲೆ ಹಚ್ಚಿ. ಸಂಜೆ ನಿಮಗೆ ಆರತಿ ಎತ್ತುವಾಗ ಅದೂ ಪಕ್ಕದಲ್ಲಿ ನಗುತ್ತಿರಲಿ.