ಈ ವರ್ಷದ ವೈನು ಒಗರು

ಪೀಪಾಯಿ ಶೆಡ್ಡಿನ ಹಿಂದಿನ ಮನೆ
ಅಕ್ಟೋಬರ್ ೧೪, ಗುರುವಾರ

ಪ್ರೀತಿಯ ತಮ್ಮಾ,

ಕೈ ನಡುಗುವುದು ಕಡಿಮೆಯಾಯಿತಾ? ಹೋದ ಕಾಗದದಲ್ಲಿ ನಿನ್ನ ಅಕ್ಷರ ಸಾಲು ಬಿಟ್ಟು ಜಾರಿರಲಿಲ್ಲ, ಅದನ್ನು ನೋಡಿಯೇ ಅರ್ಧ ಸಮಾಧಾನವಾಯಿತು. ಆಸ್ಪತ್ರೆಯವರು ಕೊಟ್ಟದ್ದನ್ನು ಹೊಟ್ಟೆ ತುಂಬ ತಿನ್ನು. ಪಕ್ಕದ ಮಂಚದವನು ಕೇಳಿದ ಅಂತ ನಿನ್ನ ಪಾಲಿನ ಮೊಟ್ಟೆ ಅವನ ತಟ್ಟೆಗೆ ಹಾಕಬೇಡ. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವಾ? ಉಸಿರು ಕಟ್ಟಿದಂತಾದರೆ ನರ್ಸಮ್ಮನನ್ನು ಕೂಗು, ಅವರಿಗೆ ಯಾಕೆ ತೊಂದರೆ ಅಂತ ಸುಮ್ಮನೆ ಮಲಗಿರಬೇಡ. ನಿನ್ನ ಬಾವ ಚೆನ್ನಾಗಿದ್ದಾರೆ. ನನ್ನ ಮಗಳು ನಿನ್ನ ರಬ್ಬರ್ ಬೂಟಿನೊಳಗೆ ಸೊಂಟದವರೆಗೆ ಮುಳುಗಿ, ಮೇಸ್ತ್ರಿಯ ಹಾಗೆ ನಮಗೆಲ್ಲ ಅಪ್ಪಣೆ ಕೊಡುತ್ತಾಳೆ. ಮೇಸ್ತ್ರಿಗಿಂತ ಇವಳಲ್ಲೇ ನ್ಯಾಯ ಜಾಸ್ತಿ.

ಈ ಸಲದ ಕೊಯ್ಲು ಮುಗಿಯಿತು. ನೀನಿಲ್ಲದೆಯೂ ಕೆಲಸ ನಡೆಯಿತು ಅಂದರೆ ನಿನಗೆ ಬೇಜಾರು, ನಿಂತಿತು ಅಂದರೆ ಧಣಿಗೆ ಬೇಜಾರು. ಇದ್ದದ್ದು ಹೇಳುತ್ತೇನೆ: ನಿಂತಿತ್ತು, ನಿಲ್ಲಿಸಿದವರು ನಾವು. ದ್ರಾಕ್ಷಿ ಹುದುಗುವ ತೊಟ್ಟಿಗೆ ಫ್ಯಾನು ಹಾಕುವವರೆಗೆ ಯಾರೂ ಒಳಗೆ ಇಳಿಯುವುದಿಲ್ಲ ಅಂತ ಕೂತೆವು. ಫ್ಯಾನು ಬಂತು. ಅದು ಉಳಿಯುತ್ತದೋ ವಾಪಸ್ಸು ಹೋಗುತ್ತದೋ ಅನ್ನುವುದು ತಿಂಗಳ ಕೊನೆಗೆ ಕಾರ್ಮಿಕ ಅಧಿಕಾರಿ ಮಾಡುವ ವಿಚಾರಣೆಯಲ್ಲಿ ತೀರ್ಮಾನವಾಗುತ್ತದೆ. ನೀನು ನಿನ್ನಿಷ್ಟಕ್ಕೆ ಇಳಿದು ಬಿದ್ದೆ ಅಂತಾದರೆ ಧಣಿಯ ಮೇಲೆ ತಪ್ಪಿಲ್ಲ, ಫ್ಯಾನೂ ಬೇಕಿಲ್ಲ.

ಹೋದ ಕೊಯ್ಲಿನಲ್ಲಿ ನೀನು ಬಿದ್ದ ದಿನದ್ದು ಹೊಗೆಯ ಹಿಂದೆ ಕಂಡ ಹಾಗಿದೆ ಅಂತ ಬರೆದಿದ್ದೀಯ. ನನಗೆ ಹೊಗೆಯೇನೂ ಇಲ್ಲ, ಕೇಳು. ಧಣಿಗೆ ಬೇಕಾದದ್ದು ಮೆತ್ತಗಿನ ವೈನು. ನಾಲಿಗೆಗೆ ತಾಕದೆ ಗಂಟಲಿಗಿಳಿಯಬೇಕು, ಈ ವರ್ಷ ಮಾಡಿದ್ದು ಈ ವರ್ಷವೇ ಅಂಗಡಿ ಸೇರಬೇಕು. ಅದಕ್ಕೆ ರಸವನ್ನು ಸಿಪ್ಪೆಯಿಂದ ಬೇಗ ಬಿಡಿಸಬೇಕು. ಸಿಪ್ಪೆ ಬೀಜ ರಸದಲ್ಲಿ ಹೆಚ್ಚು ಕಾಲ ನೆನೆದಷ್ಟೂ ಬಣ್ಣ ಕಪ್ಪಾಗುತ್ತದೆ, ಒಗರು ಏರುತ್ತದೆ. ಬೇಗ ಬಿಡಿಸುವುದೆಂದರೆ ಏನು? ಹುದುಗು ಇನ್ನೂ ಬುಸುಗುಡುತ್ತಿರುವಾಗಲೇ ಕೆಳಗಿನ ನಲ್ಲಿ ತಿರುಗಿಸಿ ರಸ ಇಳಿಸುವುದು, ತಳದಲ್ಲಿ ಉಳಿದ ಸಿಪ್ಪೆ ಬಾಚಲು ಆಳು ಇಳಿಸುವುದು. ಬುಸುಗುಡುವ ಸಿಪ್ಪೆ ಬಿಡುವ ಗಾಳಿಗೆ ಬಣ್ಣವಿಲ್ಲ, ಅದು ಮೇಲೆ ಏಳುವುದೂ ಇಲ್ಲ. ತಳದಲ್ಲಿ ಕೂತು ಇಳಿದವನ ಉಸಿರು ಕೀಳುತ್ತದೆ. ಬಾಟಲಿಯ ಮೇಲೆ ‘ಮೃದು’ ಅಂತ ಚಿನ್ನದ ಅಕ್ಷರದಲ್ಲಿ ಅಚ್ಚು ಹಾಕುತ್ತಾರಲ್ಲ, ಆ ಮೃದುತನವನ್ನು ಹಿಂಡಿದ್ದು ನಿನ್ನ ಎದೆಯಿಂದ.

ಅವತ್ತು ಮೇಣದಬತ್ತಿ ಇಳಿಬಿಟ್ಟು ನೋಡಿದವಳು ನಾನು. ಅರ್ಧದಾರಿಗೇ ಆರಿತು, ಅಂದರೆ ಕೆಳಗೆ ಉಸಿರಾಡುವ ಗಾಳಿಯಿಲ್ಲ. ಹೇಳಿದೆ. ‘ಬಾಗಿಲ ಗಾಳಿಗೆ ಆರಿರತ್ತೆ ಬಿಡಮ್ಮಾ’ ಅಂದ ಮೇಸ್ತ್ರಿ. ನಿನ್ನ ಕಡೆ ತಿರುಗಿ, ‘ಇಳಿಯೋ, ಒಂದು ಗಳಿಗೆ ಕೆಲಸ’ ಅಂದ. ನೀನು ಎಂದಿನ ಹಾಗೆ ‘ಆಯ್ತಣ್ಣ’ ಅಂದೆ. ಶೆಡ್ಡಿನವರೆಲ್ಲ ನಿನಗೆ ಆಯ್ತಣ್ಣ ಅಂತ ಅಡ್ಡಹೆಸರಿಟ್ಟದ್ದು ಸುಮ್ಮನೆಯಾ? ಸಲಿಕೆಯ ಸದ್ದು ಕೇಳುತ್ತಿತ್ತು, ಆಮೇಲೆ ಕೇಳಲಿಲ್ಲ. ನಿನ್ನನ್ನು ಹಗ್ಗದಲ್ಲಿ ಎಳೆದದ್ದು ನಾವು. ಮೇಸ್ತ್ರಿ ಧಣಿಗೆ ಫೋನು ಮಾಡಲು ಓಡಿದ್ದ, ಆಸ್ಪತ್ರೆಗಲ್ಲ.

ಈ ಸಲ ನಾವು ಕೂತಾಗ ‘ನನ್ನ ವೈನು ಕೆಡಿಸ್ತಿದೀರಿ’ ಅಂತ ಧಣಿ ಹಾರಾಡಿದ. ಕೆಡಲು ಬಿಡಲಿಲ್ಲ. ಮೇಲೆ ತೇಲಿ ಬರುವ ಸಿಪ್ಪೆ ಒಣಗಿದರೆ ಹುಳಿ ಹಿಡಿಯುತ್ತದೆ ಅಂತ, ಹಲಗೆಯ ಮೇಲೆ ನಿಂತು ಕೋಲಿನಿಂದ ಅದನ್ನು ರಸದೊಳಗೆ ಅದುಮುತ್ತಲೇ ಇದ್ದೆವು, ಸರದಿ ಹಾಕಿಕೊಂಡು. ನಮ್ಮ ಜಗಳ ಧಣಿಯ ಜೊತೆ, ದ್ರಾಕ್ಷಿಯ ಜೊತೆ ಅಲ್ಲ. ಫ್ಯಾನು ಬರುವಷ್ಟರಲ್ಲಿ ಹುದುಗು ತಣ್ಣಗಾಗಿತ್ತು, ರಸ ಶಾಯಿಯ ಹಾಗೆ ಕಪ್ಪಗಾಗಿತ್ತು. ರಸ ಇಳಿಸಿ ಫ್ಯಾನು ತಿರುಗಿಸಿದ ಮೇಲೆ ಮೇಣದಬತ್ತಿ ತಳದವರೆಗೂ ಉರಿಯಿತು. ಮಗಳ ಕೈಯಿಂದ ನಿನ್ನ ಬೂಟು ಕಿತ್ತುಕೊಂಡು ಮೊದಲು ನಾನೇ ಇಳಿದೆ. ಉಸಿರಾಡುತ್ತಿದ್ದೇನೆ ಅಂತ ಮೇಲಿನವರಿಗೆ ಗೊತ್ತಾಗಲಿ ಎಂದು ಹಾಡು ಹೇಳಿಕೊಂಡೇ ಬಾಚಿದೆ. ಹಗ್ಗ ಹಿಡಿದವರು, ‘ಫ್ಯಾನು ಇನ್ನೂ ಜೋರಾಗಿ ಇಡ್ರಪ್ಪಾ, ರಾಗ ಕೇಳೋಕಾಗ್ತಿಲ್ಲ’ ಅಂದರು.

ವೈನು ಹೇಗಾಗಿದೆ ಅಂತ ನೀನು ಕೇಳೇ ಕೇಳುತ್ತೀಯ. ಒಗರು. ನೇರಳೆಕಾಯಿ ಕಚ್ಚಿದ ಹಾಗೆ ನಾಲಿಗೆ ಒರಟಾಗುತ್ತದೆ. ರುಚಿ ನೋಡುವ ಮೇಡಮ್ಮು ಬಾಯೊಳಗೆ ತುಂಬ ಹೊತ್ತು ಆಡಿಸಿ ಉಗುಳಿ, ‘ಈಗ ಕುಡಿಯೋ ಹಾಗಿಲ್ಲ. ಪೀಪಾಯಿಗೆ ಹಾಕಿ ಮರೆತುಬಿಡಿ, ಮರದೊಳಗೆ ಒಗರು ತಾನೇ ಇಳಿಯತ್ತೆ. ನಿಮ್ಮ ಮೆತ್ತಗಿನದು ಹುಳಿಯಾದ ಮೇಲೂ ಇದು ನಿಂತಿರತ್ತೆ’ ಅಂದರು. ಧಣಿಗೆ ಮರೆಯುವ ತಾಳ್ಮೆ ಎಲ್ಲಿಯದು? ಮುಖ ಗಂಟು ಹಾಕಿಕೊಂಡು ಹೋದ. ನನಗೂ ರುಚಿಸಿತು ಅಂತ ಸುಳ್ಳು ಹೇಳುವುದಿಲ್ಲ, ತಮ್ಮಾ. ಆದರೆ ಆ ಲೋಟದೊಳಗೆ ಯಾರ ಉಸಿರೂ ಇಲ್ಲ. ಅಷ್ಟು ಸಾಕು. ಪೀಪಾಯಿ ತೆರೆಯುವ ದಿನ ನೀನೇ ಬಂದು ಕುಡಿದು ಹೇಳು.

ಬಾವ ನಿನ್ನನ್ನು ದಿನಾ ನೆನೆಯುತ್ತಾರೆ. ಮಗಳು ಬೂಟು ವಾಪಸ್ಸು ಕೊಡುವುದಿಲ್ಲವಂತೆ. ಎದೆ ತುಂಬ ಉಸಿರಾಡು. ನಾನು ಹರಸುವುದು ಇಷ್ಟನ್ನೇ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸುವಾಗ ಸುದ್ದಿ ಬಂತು. ಭಾನುವಾರ ಮೇಸ್ತ್ರಿ ಹಣ್ಣು ಹಿಡಿದುಕೊಂಡು ನಿನ್ನನ್ನು ನೋಡಲು ಬರುತ್ತಾನಂತೆ, ಜೊತೆಗೆ ಧಣಿಯ ವಕೀಲ. ತಲೆ ಸವರಿ, ‘ನಾನು ಬೇಡ ಅಂದ್ರೂ ನೀನೇ ಇಳಿದೆ ಅಲ್ವೇನೋ’ ಅಂತ ಮೆಲ್ಲಗೆ ಕೇಳುತ್ತಾನೆ. ಹಣ್ಣು ತಿನ್ನು, ಅದು ತೋಟದವರ ಬೆವರಿನದು. ನೆನಪಿದ್ದರೆ ಇದ್ದ ಹಾಗೆ ಹೇಳು. ಇಲ್ಲದಿದ್ದರೆ ನೆನಪಿಲ್ಲ ಅನ್ನು, ಅಕ್ಕನನ್ನು ಕೇಳಿ ಅನ್ನು, ನಿದ್ದೆ ಬರುತ್ತಿದೆ ಅನ್ನು. ಬಾಯಿ ತಡೆಯದಿದ್ದರೆ ಕಿತ್ತಳೆ ತುಂಬಿಕೋ. ಆಯ್ತಣ್ಣ ಮಾತ್ರ ಅನ್ನಬೇಡ.